ಹೆಂಡದಂಗಡಿಯವನ ಹೆಸರಿನಿಂದ ಹುಟ್ಟಿದ ಕ್ರಿಯಾಪದ

ಕೊಳ್ಳುವುದಕ್ಕೆ ಜರ್ಮನ್ನರು ‘ಕೌಫೆನ್’ ಎನ್ನುತ್ತಾರೆ, ಡಚ್ಚರು ‘ಕೋಪೆನ್’ ಎನ್ನುತ್ತಾರೆ. ಹಳೆಯ ನಾರ್ಸ್ ಭಾಷೆಯಲ್ಲಿ ಅದು ‘ಕೌಪ’, ಹಳೆಯ ಇಂಗ್ಲಿಷಿನಲ್ಲಿ ‘ಚೇಆಪಿಯನ್’. ಕ್ರಿಸ್ತಶಕ ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಬೈಬಲನ್ನು ಗಾಥಿಕ್ ಭಾಷೆಗೆ ತಂದಾಗ, ಒಡೆಯನೊಬ್ಬ ಆಳುಗಳ ಕೈಗೆ ಹಣ ಕೊಟ್ಟು ‘ನಾನು ಬರುವತನಕ ವ್ಯಾಪಾರ ಮಾಡಿ’ ಎನ್ನುವ ಲೂಕನ ಸುವಾರ್ತೆಯ ಜಾಗದಲ್ಲಿ ‘ಕೌಪೋನ್’ ಎಂಬ ಕ್ರಿಯಾಪದವನ್ನೇ ಬಳಸಿದ. ಜರ್ಮಾನಿಕ್ ಕವಲಿನ ಈ ಭಾಷೆಗಳನ್ನೆಲ್ಲ ಹೋಲಿಸಿ ಭಾಷಾವಿಜ್ಞಾನಿಗಳು ಹಿಂದಕ್ಕೆ ನಡೆದು, ಯಾರೂ ಬರೆದಿಡದ ಒಂದು ರೂಪವನ್ನು ಕಟ್ಟಿದ್ದಾರೆ: *ಕೌಪೋನಾಂ. ಮೊದಲಿಗಿರುವ ನಕ್ಷತ್ರ ಚಿಹ್ನೆಗೆ ಅರ್ಥ ಇಷ್ಟೆ: ಇದು ಊಹಿಸಿ ಕಟ್ಟಿದ್ದು, ಕಲ್ಲಿನಲ್ಲಾಗಲಿ ತೊಗಲಿನಲ್ಲಾಗಲಿ ಕಂಡದ್ದಲ್ಲ.

ಈ ಪದ ಎಲ್ಲಿಂದ ಬಂತು ಎಂಬ ಪ್ರಶ್ನೆ ಠಾಣೆ ಜಿಲ್ಲೆಯ ಕನ್ನಡಿಗನಿಗೆ ಯಾಕೆ ಬೇಕು? ಇಲ್ಲಿ ಕೋಪರಿ ಎಂಬ ಹೆಸರು ಒಂದಲ್ಲ, ಹಲವು ಕಡೆ ಇದೆ. ಠಾಣೆ ಪೂರ್ವದ ಕೋಪರಿ ಕಾಲೊನಿಯಲ್ಲಿ ದೇಶ ವಿಭಜನೆಯಾದ ಮೇಲೆ ಬಂದು ನೆಲೆಸಿದ ಸಿಂಧಿ ವ್ಯಾಪಾರಿ ಕುಟುಂಬಗಳಿವೆ. ನವಿಮುಂಬಯಿಯ ಕೋಪರಿ ಗ್ರಾಮ ವಾಶಿಯ ಎಪಿಎಂಸಿ ಮಾರುಕಟ್ಟೆಯ ಬಗಲಿಗೇ ಇದೆ. ಬ್ಯಾಡಗಿ ಮೆಣಸಿನಕಾಯಿ ‘ಬೇಡ್ಗಿ ಮಿರ್ಚಿ’ ಆಗುವುದು ಅಲ್ಲಿ. ಡೊಂಬಿವಲಿಯ ಪಕ್ಕದ ರೈಲು ನಿಲ್ದಾಣ ಕೋಪರ್. ಕೊಳ್ಳುವ-ಮಾರುವ ಮಾತು ನಾಲ್ಕು ಭಾಷೆಗಳಲ್ಲಿ ಕಿವಿಗೆ ಬೀಳುವ ಈ ಪಟ್ಟಿಯಲ್ಲಿ ಕೂತವನಿಗೆ, ಎರಡು ಸಾವಿರ ವರ್ಷದ ಹಿಂದೆ ರೈನ್ ನದಿಯ ದಂಡೆಯಲ್ಲಿ ನಡೆದದ್ದು ಅಷ್ಟೇನೂ ದೂರದ್ದೆನಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿಬಿಡಬೇಕು. ಕೋಪರಿಗೂ ಕೋಪೆನ್‌ಗೂ ಯಾವ ನಂಟೂ ಇಲ್ಲ. ಮರಾಠಿಯಲ್ಲಿ ಕೋಪರಾ ಎಂದರೆ ಮೂಲೆ, ಕೋಪರ್ ಎಂದರೆ ಮೊಣಕೈ. ಕೋಪನ್‌ಹೇಗನ್ ಮಾತ್ರ ನಿಜಕ್ಕೂ ‘ವರ್ತಕರ ಬಂದರು’. ಧ್ವನಿ ಕೂಡಿತೆಂದು ನಂಟು ಬೆಳೆಸಿದರೆ ನಿರುಕ್ತ ಜಾತಕ ಕೂಡಿಸುವ ಆಟವಾಗುತ್ತದೆ.

ಈಗ ಮುಖ್ಯ ವಾದಕ್ಕೆ ಬರೋಣ. ಹೆಚ್ಚಿನ ವಿದ್ವಾಂಸರು ಒಪ್ಪುವ ಮಾತೆಂದರೆ, ಈ ಪದ ಜರ್ಮಾನಿಕ್ ಜನರದ್ದಲ್ಲ, ಲ್ಯಾಟಿನ್ನಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ‘ಕೌಪೋ’ ಎಂದರೆ ಹೆಂಡದಂಗಡಿ, ಛತ್ರ, ಚಿಲ್ಲರೆ ಸರಕು ಮೂರನ್ನೂ ನಡೆಸುವವನು. ರೋಮನ್ ಸಮಾಜದಲ್ಲಿ ಅವನಿಗೆ ಮರ್ಯಾದೆ ಕಡಿಮೆ. ಹೊರೇಸ್ ಕವಿ ತನ್ನ ಪ್ರಯಾಣದ ವಿಡಂಬನೆಯಲ್ಲಿ ದಾರಿಯ ಛತ್ರದವರನ್ನು ಚೆನ್ನಾಗಿ ಬೈದಿದ್ದಾನೆ. ಅತಿಥಿಯ ಗಂಟುಮೂಟೆ ಕಳೆದರೆ ಕೌಪೋನೇ ತುಂಬಿಕೊಡಬೇಕೆಂದು ರೋಮನ್ ಕಾನೂನಿನಲ್ಲಿ ಪ್ರತ್ಯೇಕ ಅಧ್ಯಾಯವೇ ಇತ್ತು. ಅಂದರೆ ಅವನ ಮೇಲೆ ಯಾರಿಗೂ ಅಷ್ಟು ಭರವಸೆ ಇರಲಿಲ್ಲ. ಗ್ರೀಕರ ‘ಕಪೇಲೋಸ್’ ಕೂಡ ಇಂಥವನೇ. ಪರ್ಷಿಯನ್ನರು ಕೈರಸನನ್ನು ತಂದೆಯೆಂದೂ, ಕ್ಯಾಂಬೈಸಿಸನನ್ನು ಒಡೆಯನೆಂದೂ, ಎಲ್ಲಕ್ಕೂ ಲೆಕ್ಕ ಹಾಕುತ್ತಿದ್ದ ಡೇರಿಯಸ್ಸನನ್ನು ಕಪೇಲೋಸ್ ಎಂದೂ ಕರೆಯುತ್ತಿದ್ದರೆಂದು ಹೆರೊಡೊಟಸ್ ಬರೆದಿದ್ದಾನೆ. ಅದು ಹೊಗಳಿಕೆಯಲ್ಲ, ಕೊಂಕು.

ಇಂಥವನ ಹೆಸರು ಉತ್ತರದ ಕಾಡಿನವರ ನಾಲಿಗೆಗೆ ಹತ್ತಿದ್ದು ಹೇಗೆ? ಸೀಸರನ ಕಾಲಕ್ಕೆ, ಅಂದರೆ ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ, ನೆರ್ವಿ ಎಂಬ ಪಂಗಡದವರು ವರ್ತಕರನ್ನು ಹತ್ತಿರವೇ ಬಿಟ್ಟುಕೊಳ್ಳುತ್ತಿರಲಿಲ್ಲ, ದ್ರಾಕ್ಷಾರಸವನ್ನೂ ಒಳಗೆ ತರಗೊಡುತ್ತಿರಲಿಲ್ಲ. ಸೂಯೆಬಿಗಳು ವರ್ತಕರನ್ನು ಬರಗೊಡುತ್ತಿದ್ದುದು ತಮಗೆ ಬೇಕಾದ್ದನ್ನು ಕೊಳ್ಳಲಿಕ್ಕಲ್ಲ, ಯುದ್ಧದಲ್ಲಿ ದೋಚಿದ್ದನ್ನು ಮಾರಲಿಕ್ಕೆ. ಕ್ರಿಸ್ತಶಕ 98ರಲ್ಲಿ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುವ ಹೊತ್ತಿಗೆ ಚಿತ್ರ ಬದಲಾಗಿತ್ತು. ಒಳನಾಡಿನವರು ಇನ್ನೂ ಸರಕಿಗೆ ಸರಕು ಬದಲು ಮಾಡುತ್ತಿದ್ದರು. ನದಿದಂಡೆಯವರು ಮಾತ್ರ ದ್ರಾಕ್ಷಾರಸ ಕೊಳ್ಳುತ್ತಿದ್ದರು, ಬೆಳ್ಳಿ ನಾಣ್ಯ ಹಿಡಿಯುತ್ತಿದ್ದರು. ಅದರಲ್ಲೂ ಅಂಚು ಕಚ್ಚುಕಚ್ಚಾದ ಹಳೆಯ ನಾಣ್ಯ, ಜೋಡಿಕುದುರೆ ರಥದ ಮುದ್ರೆಯ ನಾಣ್ಯ ಇವೇ ಬೇಕೆನ್ನುತ್ತಿದ್ದರು. ಗಡಿಯಲ್ಲಿ ಸೈನ್ಯದ ಪಾಳೆಯವಿತ್ತು. ಪಾಳೆಯದ ಹೊರಗೆ ಅಂಗಡಿಗಳ ಸಾಲು ಎದ್ದಿತ್ತು, ಆ ಸಾಲಿನಲ್ಲಿ ಕೌಪೋ ಕೂತಿದ್ದ. ಜರ್ಮಾನಿಕ್ ಮನುಷ್ಯ ಮೊದಲ ಬಾರಿಗೆ ನಾಣ್ಯ ಎಣಿಸಿ ಕೊಟ್ಟು ವಸ್ತು ಪಡೆದದ್ದು ಬಹುಶಃ ಅವನ ಕೈಯಿಂದಲೇ.

ವಿದ್ವಾಂಸರು ಜಗಳವಾಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಲ್ಯಾಟಿನ್ನಿನಲ್ಲಿ ‘ಕೌಪೋನಾರಿ’ ಎಂಬ ಕ್ರಿಯಾಪದವೂ ಇತ್ತು. ಎನ್ನಿಯಸ್ ಕವಿ ಅದನ್ನು ‘ಯುದ್ಧವನ್ನು ಚೌಕಾಶಿಗಿಳಿಸುವುದು’ ಎಂಬ ತಿರಸ್ಕಾರದ ಅರ್ಥದಲ್ಲಿ ಬಳಸಿದ್ದನ್ನು ಸಿಸೆರೊ ಉಳಿಸಿಕೊಟ್ಟಿದ್ದಾನೆ. ಜರ್ಮಾನಿಕ್ ಜನ ಆ ಕ್ರಿಯಾಪದವನ್ನೇ ಎತ್ತಿಕೊಂಡರು ಎನ್ನುವುದು ಒಂದು ಪಕ್ಷ. ಇಲ್ಲ, ಮೊದಲು ಮನುಷ್ಯನ ಹೆಸರು ಬಂತು, ಆಮೇಲೆ ಅವರು ತಮ್ಮದೇ ಪ್ರತ್ಯಯ ಹಚ್ಚಿ ಕ್ರಿಯಾಪದ ಮಾಡಿಕೊಂಡರು ಎನ್ನುವುದು ಇನ್ನೊಂದು. ನನಗೆ ಎರಡನೆಯದೇ ಸರಿ ಕಾಣುತ್ತದೆ. ಕೌಪೋನಾರಿ ಲ್ಯಾಟಿನ್ನಿನಲ್ಲೇ ಅಪರೂಪ. ಅದು ಕಾವ್ಯದ, ಕೊಂಕಿನ ಪದ, ಗಡಿಯಂಗಡಿಯ ಪದವಲ್ಲ. ಇತ್ತ ದಕ್ಷಿಣದ ಹಳೆಯ ಮೇಲ್ಜರ್ಮನ್‌ನಲ್ಲಿ ವರ್ತಕನಿಗೆ ‘ಕೌಫೋ’ ಎಂಬ ನಾಮಪದವೇ ಸಿಗುತ್ತದೆ. ನಾಮಪದಕ್ಕೆ ‘ಓನ್’ ಹಚ್ಚಿ ಕ್ರಿಯಾಪದ ಮಾಡುವುದು ಗಾಥಿಕ್‌ನ ದಿನಬಳಕೆಯ ಪದ್ಧತಿ; ಮೀನಿಗೆ ‘ಫಿಸ್ಕ್ಸ್’, ಮೀನು ಹಿಡಿಯುವುದಕ್ಕೆ ‘ಫಿಸ್ಕೋನ್’. ಅದೇ ಅಚ್ಚಿನಲ್ಲಿ, ಕೌಪೋ ಮಾಡುವುದನ್ನು ತಾನೂ ಮಾಡುವುದು ಕೌಪೋನ್.

ಕಾಲದ ಲೆಕ್ಕಕ್ಕೆ ಧ್ವನಿಗಳೇ ಸಾಕ್ಷಿ. ಆಡುಲ್ಯಾಟಿನ್ನಿನಲ್ಲಿ ‘ಔ’ ಎಂಬುದು ‘ಓ’ ಆಗುತ್ತ ಹೋಯಿತು. ಹೆಂಡದಂಗಡಿಯ ಹೆಂಗಸಿಗೆ ‘ಕೋಪಾ’ ಎನ್ನುತ್ತಿದ್ದರು. ಜರ್ಮಾನಿಕ್‌ನಲ್ಲಿ ಮಾತ್ರ ‘ಔ’ ಗಟ್ಟಿಯಾಗಿ ನಿಂತಿದೆ. ಜರ್ಮನ್ನಿನಲ್ಲಿ ‘ಪ’ ಹೋಗಿ ‘ಫ’ ಆದ ದೊಡ್ಡ ಪಲ್ಲಟಕ್ಕಿಂತ ಎಷ್ಟೋ ಮೊದಲೇ ಪದ ಒಳಗೆ ಬಂದಾಗಿತ್ತು. ಹಾಗಾಗಿ ಕ್ರಿಸ್ತಶಕದ ಮೊದಲ ಒಂದೆರಡು ಶತಮಾನ ಎಂದರೆ ತಪ್ಪಾಗದು. ಬಂದ ಪದ ಸುಮ್ಮನೆ ಕೂರಲಿಲ್ಲ. ಸ್ಲಾವ್ ಜನ ಅದನ್ನು ಜರ್ಮಾನಿಕ್ ನೆರೆಯವರಿಂದ ಪಡೆದರು. ರಷ್ಯನ್ನರ ‘ಕುಪೀತ್’ ಅದೇ. ಫಿನ್ನರು ಅಂಗಡಿಗೆ ‘ಕೌಪ್ಪ’ ಎಂದರು, ಪಟ್ಟಣಕ್ಕೆ ‘ಕೌಪುಂಕಿ’ ಎಂದರು. ಸ್ವೀಡನ್ನಿನ ಲಿಂಶೋಪಿಂಗ್, ನಾರ್ಶೋಪಿಂಗ್ ಊರುಗಳ ಬಾಲದಲ್ಲಿ ಅದೇ ಇದೆ. ಲಂಡನ್ನಿನ ಚೀಪ್‌ಸೈಡ್ ಹಳೆಯ ಮಾರುಕಟ್ಟೆ ಬೀದಿ. ಇಂಗ್ಲಿಷಿನಲ್ಲಿ ‘ಒಳ್ಳೆಯ ಚೀಪ್’ ಎಂದರೆ ಒಳ್ಳೆಯ ವ್ಯಾಪಾರ ಕುದುರಿತು ಎಂದಿದ್ದದ್ದು ಸವೆದು ಸವೆದು ‘ಅಗ್ಗ’ ಎಂಬ ಅರ್ಥದ ‘ಚೀಪ್’ ಆಯಿತು. ‘ಡೊಂಬಿವಲಿ ಪೂರ್ವದಲ್ಲಿ ಸೀರೆ ಚೀಪಾಗಿ ಸಿಗ್ತಾವ್ರೀ’ ಎನ್ನುವ ನಮ್ಮ ಹೆಣ್ಣುಮಗಳ ಬಾಯಲ್ಲಿ ಆ ರೋಮನ್ ಹೆಂಡದಂಗಡಿಯವನು ಕೂತಿದ್ದಾನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ!

ಇಷ್ಟು ದೂರ ಹರಡಿದ ಪದದ ಬೇರು ಮಾತ್ರ ಇನ್ನೂ ಕತ್ತಲಲ್ಲೇ ಇದೆ. ಕೌಪೋ, ಕಪೇಲೋಸ್ ಎರಡೂ ನೆಂಟರಂತೆ ಕಾಣುತ್ತವೆ, ಆದರೆ ಧ್ವನಿನಿಯಮ ಒಪ್ಪುವುದಿಲ್ಲ. ಹಾಗಾಗಿ ಎರಡೂ ಮೆಡಿಟರೇನಿಯನ್ ತೀರದ ಬೇರಾವುದೋ ಭಾಷೆಯಿಂದ ಬಂದಿರಬೇಕೆಂದು ಹಲವರು ಭಾವಿಸುತ್ತಾರೆ. ಸಂಸ್ಕೃತದ ‘ವಣಿಜ್’ ಪದದ್ದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಅದಕ್ಕೂ ಎಲ್ಲರೂ ಒಪ್ಪುವ ಮೂಲವಿಲ್ಲ. ನಮ್ಮ ಬಣಜಿಗ, ಬಳಂಜಿಗ, ವೀರಬಣಂಜು ಧರ್ಮದ ಬಣಂಜು ಎಲ್ಲವೂ ವಣಿಜದ ಸಂತಾನ. ಫ್ರೆಂಚ್ ವಿದ್ವಾಂಸ ಎಮಿಲ್ ಬೆನ್‌ವೆನಿಸ್ತ್ 1969ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಈ ವಿಷಯಕ್ಕೇ ಒಂದು ಅಧ್ಯಾಯ ಮೀಸಲಿಟ್ಟು, ವ್ಯಾಪಾರವೆಂಬುದು ಹೆಸರಿಲ್ಲದ ಕಸುಬು ಎಂದ. ಕೊಳ್ಳುವುದು, ಮಾರುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನೇ ಜೀವನ ಮಾಡಿಕೊಂಡ ಕಸುಬಿಗೆ ಇಂಡೋ-ಯೂರೋಪಿಯನ್ ಭಾಷೆಗಳಲ್ಲಿ ಹಂಚಿಕೊಂಡ ಹಳೆಯ ಪದವಿಲ್ಲ. ಹಾಗಾಗಿ ಒಂದೋ ಪರದೇಶದವನ ಹೆಸರು ಹಿಡಿದರು, ಇಲ್ಲವೇ ‘ಕೆಲಸ’, ‘ಬಿಡುವಿಲ್ಲದಿರುವುದು’ ಎಂದು ಸುತ್ತುಬಳಸಿ ಹೇಳಿದರು. ಲ್ಯಾಟಿನ್ನಿನ ‘ನೆಗೋತಿಯುಮ್’ ಎಂದರೆ ಬಿಡುವಿಲ್ಲದ್ದು. ಸಂಸ್ಕೃತದ ‘ವ್ಯಾಪಾರ’ ಎಂದರೂ ಮೊದಲಿಗೆ ಬರೀ ಚಟುವಟಿಕೆ, ತೊಡಗುವಿಕೆ. ಅದನ್ನು ಕೊಡುಕೊಳ್ಳುವಿಕೆಗೆ ಕಟ್ಟಿಹಾಕಿದ್ದು ಕನ್ನಡ, ಮರಾಠಿಯಂಥ ನಂತರದ ಭಾಷೆಗಳು.

ಇನ್ನೊಂದು ವಿಚಿತ್ರ ನೋಡಿ. ಕೊಳ್ಳುವುದಕ್ಕೆ ಇಂಡೋ-ಯೂರೋಪಿಯನ್ ಭಾಷಾಕುಟುಂಬದಲ್ಲಿ ಒಂದು ಹಳೆಯ ಧಾತು ಇತ್ತು: ಸಂಸ್ಕೃತದ ‘ಕ್ರೀ’. ಗ್ರೀಕರಲ್ಲಿ, ಹಳೆಯ ಐರಿಷ್‌ನಲ್ಲಿ ಅದರ ಅಣ್ಣತಮ್ಮಂದಿರಿದ್ದಾರೆ. ಪಾರಸಿಯ ‘ಖರೀದನ್’ ಕೂಡ ಅದರ ಮನೆಯದ್ದೇ. ಜರ್ಮಾನಿಕ್ ಆದರೋ ಆ ಧಾತುವನ್ನು ಕಳೆದುಕೊಂಡಿತು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ‘ಕ್ರಯಪತ್ರ’, ಎಪಿಎಂಸಿಯಲ್ಲಿ ‘ಖರೀದಿ’, ಎರಡೂ ಒಂದೇ ಧಾತುವಿನ ಮಕ್ಕಳು. ಒಬ್ಬ ಮಠದ ದಾರಿಯಿಂದ ಬಂದ, ಇನ್ನೊಬ್ಬ ದಖ್ಖನಿನ ದರ್ಬಾರಿನ ದಾರಿಯಿಂದ. ಆ ಕುಟುಂಬಕ್ಕೆ ಸೇರದ ಕನ್ನಡ, ಆ ಕುಟುಂಬದ ಜರ್ಮನ್ ಕಳೆದುಕೊಂಡದ್ದನ್ನು ಎರಡೆರಡು ರೂಪದಲ್ಲಿ ಸಾಕುತ್ತಿದೆ.

ಹಾಗಾದರೆ ಕನ್ನಡಕ್ಕೆ ತನ್ನದೇ ಕ್ರಿಯಾಪದ ಇರಲಿಲ್ಲವೇ? ಧಾರಾಳವಾಗಿ ಇತ್ತು. ಬರೊ ಮತ್ತು ಎಮೆನೊ ಅವರ ದ್ರಾವಿಡ ನಿಘಂಟಿನಲ್ಲಿ ‘ಕೊಳ್’ ಮತ್ತು ‘ಮಾಱು’ ಎರಡಕ್ಕೂ ತಮಿಳು ಮೊದಲಾದ ಸೋದರ ಭಾಷೆಗಳ ದೊಡ್ಡ ಸಾಲಿದೆ. ಕೊಳ್ ಎಂದರೆ ಹಿಡಿ, ತೆಗೆದುಕೋ. ಮಾರು ಎಂದರೆ ಬದಲಾಗು, ಬದಲು ಕೊಡು; ಮಾರ್ಪಾಡು, ಮಾರ್ದನಿ, ಮಾರುತ್ತರಗಳಲ್ಲಿ ಆ ಹಳೆಯ ಅರ್ಥ ಈಗಲೂ ಉಸಿರಾಡುತ್ತಿದೆ. ಅಂದರೆ ನಾಣ್ಯಕ್ಕಿಂತ ಹಳೆಯ ಪದಗಳು ಇವು, ವಿನಿಮಯದ ಕಾಲದವು. ನಾಣ್ಯ ಬಂದಾಗ ಪದ ಬದಲಾಗಲಿಲ್ಲ, ಅರ್ಥ ಅದರ ಸುತ್ತ ಹೊಂದಿಕೊಂಡಿತು. ಇಂಗ್ಲಿಷಿನ ‘ಸೆಲ್’ ಕೂಡ ಮೊದಲು ಬರೀ ‘ಕೊಡು’; ಗಾಥಿಕ್‌ನಲ್ಲಿ ಅದರ ಸೋದರ ರೂಪಕ್ಕೆ ದೇವರಿಗೆ ಬಲಿ ಅರ್ಪಿಸು ಎಂಬ ಅರ್ಥವಿತ್ತು.

ಮುಖ್ಯ ಒಗಟು ಇಲ್ಲಿದೆ ಎಂದು ನನಗನಿಸುತ್ತದೆ. ರೋಮ್ ಬಾಗಿಲು ತಟ್ಟಿದ್ದು ಜರ್ಮನ್ನರದ್ದಷ್ಟೇ ಅಲ್ಲ. ಎರಿತ್ರಿಯನ್ ಸಮುದ್ರದ ‘ಪೆರಿಪ್ಲಸ್’ ಎಂಬ ಮೊದಲ ಶತಮಾನದ ಗ್ರೀಕ್ ಕೈಪಿಡಿಯಲ್ಲಿ ನಮ್ಮ ಕಲ್ಯಾಣ ‘ಕಲ್ಲಿಯೆನಾ’ ಎಂಬ ಹೆಸರಿನಿಂದ ಇದೆ. ಸರಗನಸ್ ಎಂಬ ಹಿರಿಯ ಅರಸನ ಕಾಲದಲ್ಲಿ ಅದು ಮಾನ್ಯತೆ ಪಡೆದ ವ್ಯಾಪಾರಸ್ಥಳವಾಗಿತ್ತು. ಆಮೇಲೆ ಸಂದನೆಸ್ ಎಂಬವನ ಕಾಲದಲ್ಲಿ, ಅಲ್ಲಿಗೆ ತಪ್ಪಿ ಬಂದ ಗ್ರೀಕ್ ಹಡಗನ್ನು ಕಾವಲಿನಲ್ಲಿ ಭರೂಚಕ್ಕೆ ಕಳಿಸುತ್ತಿದ್ದರು. ಭರೂಚಕ್ಕೆ ಬರುತ್ತಿದ್ದ ಸರಕುಗಳಲ್ಲಿ ಇಟಲಿಯ ದ್ರಾಕ್ಷಾರಸಕ್ಕೆ ಮೊದಲ ಮಣೆ. ಒಳನಾಡಿನ ತಗರ, ಅಂದರೆ ಈಗಿನ ತೇರ್, ಬಟ್ಟೆಗೆ ಹೆಸರಾಗಿತ್ತು. ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ಪೊಸೈಡನ್ ದೇವರ ಪುಟ್ಟ ಕಂಚಿನ ಮೂರ್ತಿ ಸಿಕ್ಕಿದೆ; ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅದೇ ಶತಮಾನ, ಅದೇ ಸಾಮ್ರಾಜ್ಯದ ಬೆಳ್ಳಿ, ಅದೇ ದ್ರಾಕ್ಷಾರಸ. ರೈನ್ ದಂಡೆಯಲ್ಲಿ ಒಂದು ಕ್ರಿಯಾಪದ ಉಳಿಯಿತು. ಉಲ್ಹಾಸ ನದಿಯ ದಂಡೆಯಲ್ಲಿ, ಕೃಷ್ಣೆಯ ಕಣಿವೆಯಲ್ಲಿ ಉಳಿದದ್ದು ನಾಣ್ಯಗಳ ಹೆಸರಷ್ಟೆ: ದೀನಾರ, ಗ್ರೀಕ್ ಮೂಲದ ದ್ರಮ್ಮ. ದ್ರಮ್ಮ ಹಳಗನ್ನಡ ಶಾಸನಗಳಿಗೂ ಇಳಿಯಿತು.

ಕಾರಣ ಕನ್ಹೇರಿ ಗುಹೆಗಳ ಗೋಡೆಯ ಮೇಲಿದೆ. ಕಲ್ಯಾಣದ ವರ್ತಕರು, ಅಕ್ಕಸಾಲಿಗರು ಅಲ್ಲಿ ದಾನ ಕೊಟ್ಟು ಹೆಸರು ಕೆತ್ತಿಸಿದ್ದಾರೆ. ರೋಮನ್ ಹಡಗು ಬರುವ ಮೊದಲೇ ಇಲ್ಲಿ ವರ್ತಕನಿದ್ದ, ಶ್ರೇಣಿ ಇತ್ತು, ಲೆಕ್ಕ ಇತ್ತು. ಬಂದವನು ಸರಕು ತಂದ, ಬೆಳ್ಳಿ ತಂದ; ಕಸುಬನ್ನು ತರಲಿಲ್ಲ. ರೈನ್ ದಂಡೆಯಲ್ಲಿ ಅವನು ಕಸುಬನ್ನೇ ತಂದ. ಮುಂದೆ ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರು ದಕ್ಷಿಣದುದ್ದಕ್ಕೂ, ಕಡಲಾಚೆಗೂ ನಡೆದಾಗ ಕನ್ನಡದವರೇ ಇನ್ನೊಬ್ಬರ ಊರಿನ ಹೊಸ ವರ್ತಕರಾದರು. ಠಾಣೆಯನ್ನು ಶ್ರೀಸ್ಥಾನಕವೆಂದು ಕರೆದು ಆಳಿದ ಉತ್ತರ ಕೊಂಕಣದ ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದೇ ಹೇಳಿಕೊಂಡರು. ಹೊಸ ರಾಜಧಾನಿಯಲ್ಲಿ ಕೂತೂ ಹಳೆಯ ವ್ಯಾಪಾರದೂರಿನ ಹೆಸರು ಬಿಡಲಿಲ್ಲ.

ಆದರೂ ಕನ್ನಡ ಎರವಲಿಗೆ ಬಾಗಿಲು ಮುಚ್ಚಿತ್ತೆಂದಲ್ಲ. ‘ವ್ಯವಹಾರ’ ಹಳಗನ್ನಡದಲ್ಲಿ ‘ಬೇಹಾರ’ ಆಯಿತು, ವರ್ತಕ ‘ಬೇಹಾರಿ’ ಆದ. ತುಳುವಿನಲ್ಲಿ ವ್ಯಾಪಾರಕ್ಕೆ ‘ಬ್ಯಾರ’. ಕರಾವಳಿಯ ಬ್ಯಾರಿ ಸಮುದಾಯದ ಹೆಸರು ಇದರಿಂದಲೇ ಬಂದದ್ದೆಂಬುದು ಹೆಚ್ಚು ಪ್ರಚಲಿತವಾದ ಅಭಿಪ್ರಾಯ. ಅರಬ್ಬಿಯಲ್ಲಿ ಕಡಲಿಗಿರುವ ‘ಬಹ್ರ್’ ಪದದಿಂದ ಬಂತು, ಮಲಬಾರಿನಿಂದ ಬಂತು ಎನ್ನುವವರೂ ಇದ್ದಾರೆ. ಬ್ಯಾರ ಎಂಬ ಪದ ಅದೇ ನೆಲದಲ್ಲಿ, ಅದೇ ಅರ್ಥದಲ್ಲಿ, ಕೈಗೆ ಸಿಗುವಷ್ಟು ಹತ್ತಿರ ಇರುವಾಗ ಕಡಲಾಚೆ ಹುಡುಕುವುದು ನನಗೆ ಅನಗತ್ಯವೆನಿಸುತ್ತದೆ. ಇಲ್ಲಿ ಕಸುಬಿನ ಪದದಿಂದ ಜನರ ಹೆಸರಾಯಿತು. ಜರ್ಮಾನಿಕ್‌ನಲ್ಲಿ ಮನುಷ್ಯನ ಹೆಸರಿನಿಂದ ಕಸುಬಿನ ಪದವಾಯಿತು. ‘ಮಾರುಕಟ್ಟೆ’ ಇನ್ನೂ ತಮಾಷೆಯದು. ಮಾರುವ ಕಟ್ಟೆ ಎಂದು ಬಿಡಿಸಿದರೂ ಅರ್ಥ ಕೂಡುತ್ತದೆ, ಇಂಗ್ಲಿಷಿನ ‘ಮಾರ್ಕೆಟ್’ ಎಂದು ಕೇಳಿದರೂ ಧ್ವನಿ ಕೂಡುತ್ತದೆ.

ಕ್ರಿಯಾಪದದ ಮಟ್ಟಿಗೆ ಕನ್ನಡದ ನಡೆ ಒಂದೇ: ಪರಭಾಷೆಯ ನಾಮಪದ ತಂದು ‘ಮಾಡು’ ಅಥವಾ ‘ಇಸು’ ಹಚ್ಚುವುದು. ವ್ಯಾಪಾರ ಮಾಡು, ಚೌಕಾಶಿ ಮಾಡು, ಖರೀದಿಸು. ಯೋಚಿಸಿದರೆ ಜರ್ಮಾನಿಕ್ ಮಾಡಿದ್ದೂ ಇದನ್ನೇ. ವ್ಯತ್ಯಾಸ ಬೇರೆಡೆ ಇದೆ. ಅಲ್ಲಿ ಹೊಸ ಕ್ರಿಯಾಪದ ಮನೆಯ ಯಜಮಾನಿಕೆ ಹಿಡಿಯಿತು. ಇಲ್ಲಿ ಖರೀದಿಸು ಎಂಬುದು ಕಡತಕ್ಕೆ, ಪತ್ರಿಕೆಗೆ ಮಾತ್ರ. ಹಾಗೆಂದು ಕೊಳ್ಳು, ಮಾರು ಎಂಬವು ಸಂತೆಯಲ್ಲಿ ಮೆರೆಯುತ್ತವೆ ಎಂದೂ ಅಲ್ಲ. ಸೊಪ್ಪಿನವಳ ಮುಂದೆ ಕೂತು ‘ಈ ಮೆಂತ್ಯ ಎಷ್ಟಕ್ಕೆ ಮಾರುತ್ತೀರಿ’ ಎಂದು ಕೇಳುವ ಕನ್ನಡಿಗನನ್ನು ನಾನು ಕಂಡಿಲ್ಲ. ‘ಹೆಂಗ ಕೊಟ್ರಿ?’ ಎನ್ನುತ್ತಾನೆ. ಮರಾಠಿಯಲ್ಲಿ ‘ಕಶೀ ದಿಲೀ?’ ಹಿಂದಿಯಲ್ಲಿ ‘ಕೈಸೇ ದಿಯಾ?’ ಮೂರರಲ್ಲೂ ಕೊಡುವುದೇ, ಮೂರರಲ್ಲೂ ಭೂತಕಾಲವೇ, ಇನ್ನೂ ಕೊಟ್ಟಿಲ್ಲದ್ದಕ್ಕೆ! ಕೊಳ್ಳುವವನು ‘ತಗೊಳ್ತಾನೆ’, ಮರಾಠಿಯವನು ‘ಘೇತೋ’, ಹಿಂದಿಯವನು ‘ಲೇತಾ’. ಮಾರು ಎಂಬ ಪದಕ್ಕೆ ಉಳಿದದ್ದು ಗಂಭೀರ ಸಂದರ್ಭ: ಹೊಲ ಮಾರಿದ, ಮನೆ ಮಾರಿದ, ತನ್ನನ್ನೇ ಮಾರಿಕೊಂಡ.

ವಾಶಿಯ ಹಣ್ಣಿನ ಮಾರುಕಟ್ಟೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಾತನ್ನೇ ಬಿಟ್ಟ ವ್ಯಾಪಾರವಿತ್ತು. ಆಪೂಸ್ ಮಾವಿನ ಪೆಟ್ಟಿಗೆಗೆ ದಲಾಲಿ ಮತ್ತು ಗಿರಾಕಿ ರುಮಾಲಿನ ಕೆಳಗೆ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದರು. ಬೆಳೆಗಾರನಿಗೆ ತನ್ನ ಹಣ್ಣಿಗೆ ಏನು ಬಂತೆಂದು ಕಣ್ಣಿಗೆ ಬೀಳದ ಆ ಪದ್ಧತಿಗೆ ಬಹಳ ವಿರೋಧ ಬಂದದ್ದು ಸರಿಯೇ. ನಮ್ಮ ಕಡೆಯ ದನದ ಜಾತ್ರೆಗಳಲ್ಲೂ ಟವಲಿನಡಿ ಇದೇ ಬೆರಳ ಲೆಕ್ಕ ನಡೆಯುತ್ತದೆ. ಭಾಷೆ ಬಾರದವರ ನಡುವೆ ವ್ಯಾಪಾರ ಹೇಗೆ ಸಾಗೀತು ಎಂದು ಪುನರ್ರಚನೆಯ ಪಂಡಿತರು ಕೇಳುವುದುಂಟು. ಸಾಗುತ್ತದೆ, ಹಾಗೆ ಸಾಗಿದಾಗ ನಿಘಂಟಿಗೆ ಏನೂ ಸಿಗುವುದಿಲ್ಲ.

ಪದಗಳ ಮರ್ಯಾದೆಯೂ ಗಡಿ ದಾಟಿದಾಗ ಏರಿಳಿಯುತ್ತದೆ. ರೋಮಿನಲ್ಲಿ ಕೀಳಾಗಿದ್ದ ಕೌಪೋ ಜರ್ಮನ್ನರಲ್ಲಿ ಘನತೆಯ ‘ಕೌಫ್‌ಮನ್’ ಆದ. ಮುಂಬಯಿಯಲ್ಲಿ ‘ಧಂದಾ’ ಎಂದರೆ ಅನ್ನ ಕೊಡುವ ಕಸುಬು. ಬೆಳಗಿನ ಬೋಣಿ ಆಗದಿದ್ದರೆ ‘ಇವತ್ತು ಧಂದೆ ಇಲ್ಲ’ ಎಂದು ನಮ್ಮವರೂ ಅನ್ನುತ್ತಾರೆ. ಅದೇ ಪದ ಕರ್ನಾಟಕದ ಪತ್ರಿಕೆಗೆ ಹೋದರೆ ಮರಳು ದಂಧೆ, ಮಟ್ಕಾ ದಂಧೆ. ಊರಿಗೆ ಹೋದಾಗ ಮುಂಬಯಿ ಕನ್ನಡಿಗ ‘ನನ್ನ ದಂಧೆ ಚೆನ್ನಾಗಿದೆ’ ಎಂದರೆ ಕೇಳುವವರ ಹುಬ್ಬು ಮೇಲೇರುತ್ತದೆ.

ಕೊನೆಗೆ ಶೆಟ್ಟಿ. ಸಂಸ್ಕೃತದ ‘ಶ್ರೇಷ್ಠಿ’, ಪ್ರಾಕೃತದ ‘ಸೆಟ್ಠಿ’, ಕನ್ನಡ ಶಾಸನಗಳ ‘ಸೆಟ್ಟಿ’: ವರ್ತಕರ ಮುಖಂಡ, ಊರಿನ ಪ್ರತಿಷ್ಠಿತ. ಅದು ಕರಾವಳಿಯ ಬಂಟರ ಕುಲನಾಮವಾಗಿ, ಅವರ ಜತೆ ಬೋಟು, ಬಸ್ಸು ಹತ್ತಿ ಮುಂಬಯಿಗೆ ಬಂತು. ಮಾತುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ‘ಉಡುಪಿ’ ಊರಿನ ಹೆಸರಾಗಿ ಉಳಿಯದೆ ತಿಂಡಿಮನೆಯ ಹೆಸರಾಗುತ್ತ ಬಂತು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಹೊಟೇಲು, ಬಾರು ನಡೆಸುವವನು ನಾಯಕನಿರಲಿ, ಪೂಜಾರಿಯಿರಲಿ, ಗಿರಾಕಿಯ ಬಾಯಲ್ಲಿ ಅವನು ‘ಶೆಟ್ಟಿ’. ಶ್ರೇಣಿಯ ಮುಖ್ಯಸ್ಥನಿಂದ ಹೊರಟ ಪದ ಎರಡು ಸಾವಿರ ವರ್ಷ ನಡೆದು ಕೌಪೋ ಕೂತಿದ್ದ ಗಲ್ಲೆಗೇ ಬಂದು ಕೂತಿದೆ. ಪರಭಾಷೆಯ ಜನ ಮೊದಲು ಹಿಡಿಯುವುದು ಕಸುಬನ್ನಲ್ಲ, ಗಲ್ಲೆಯ ಮೇಲೆ ಕೂತ ಮನುಷ್ಯನನ್ನು ಎಂಬುದಕ್ಕೆ, ಅಂದರೆ ನಾಮಪದವೇ ಮೊದಲು ಎನ್ನುವ ಪಕ್ಷಕ್ಕೆ, ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಬೇಡ. ಮುಂದಿನ ಹೆಜ್ಜೆ ಮಾತ್ರ ಇಲ್ಲಿ ನಡೆದಿಲ್ಲ. ರೈನ್ ದಂಡೆಯವರು ತಡಮಾಡದೆ ಪ್ರತ್ಯಯ ಹಚ್ಚಿದರು. ಮರಾಠಿಯವರು ಶೆಟ್ಟಿಯಿಂದ ಇನ್ನೂ ಕ್ರಿಯಾಪದ ಮಾಡಿಲ್ಲ.